ಬೆಳಗಿನ ವಾಕಿಂಗು

ಅಂಜಿನಪ್ಪನಿಗೆ ವಾಕಿಂಗಿನ ಹುಚ್ಚು ಹಿಡಿದದ್ದು ಡಾಕ್ಟರು ಹೇಳಿದರು ಅಂತಲ್ಲ, ನಿವೃತ್ತಿಯಾಗಿ ಹೊತ್ತು ಹೋಗದೆಯೂ ಅಲ್ಲ. ಮನೆಗಾಡಿ ಕೊಂಡ ಮೇಲೆ. ಗಾಡಿ ಎಲ್ಲೇ ನಿಂತಿರಲಿ, ಕೆರೆ ಏರಿಯ ಕೆಳಗೋ, ಪೆಟ್ರೋಲ್ ಬಂಕಿನ ಹಿಂದಿನ ಬಯಲಲ್ಲೋ, ಬೆಳಗಾದರೆ ಕಾಫಿ ಕುಡಿದು, ಗಾಡಿಯೊಳಗಿನ ಪುಟ್ಟ ಕಕ್ಕಸಿಗೆ ಹೋಗಿಬಂದವನೇ ಶೂ ಲೇಸು ಬಿಗಿದು, ತಲೆಗೆ ಮಂಕಿ ಟೋಪಿ ಎಳೆದುಕೊಂಡು, "ಒಂದ್ ರೌಂಡ್ ಹೋಗ್ಬತ್ತೀನಿ ಕಣೇ" ಎಂದು ಇಳಿದುಬಿಡುತ್ತಿದ್ದ. ವಾಪಸ್ಸು ಬರುವಾಗ ದೂರದಿಂದಲೇ ಜೋರಾಗಿ ಒಮ್ಮೆ ಕೆಮ್ಮುತ್ತಿದ್ದ. ನೆಗಡಿ ಇಲ್ಲ, ಶೀತ ಇಲ್ಲ, ಆ ಕೆಮ್ಮು ಯಾಕೆ ಅಂತ ಕೇಳಬಹುದಾಗಿದ್ದವಳು ಹೆಂಡತಿ ಉಚ್ಚಂಗಮ್ಮ ಒಬ್ಬಳೇ. ಅವಳು ಕೇಳುವ ಪೈಕಿ ಅಲ್ಲ.

ಅಂಜಿನಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದವನು. ಶಿವನಿ, ಅಜ್ಜಂಪುರ ಅಂತ ಸುತ್ತಮುತ್ತಲೇ ಸರ್ವೀಸು ಸವೆಸಿ, ಕಡೂರಿನಲ್ಲಿ ಮನೆ ಕಟ್ಟಿಸಿಕೊಂಡು ನಿವೃತ್ತನಾದ. ಜೀವಮಾನವಿಡೀ ಬೇರೆಯವರ ಪ್ರಯಾಣಕ್ಕೆ ಹಸಿರು ಬಾವುಟ ತೋರಿಸಿದ್ದಾಯಿತು, ತಾನು ಮಾತ್ರ ನಿಂತಲ್ಲೇ ನಿಂತೆ ಎಂಬ ಕೊರಗು ಅವನಿಗಿತ್ತು. ಮಗಳು ಕೋಮಲಾ ದಾವಣಗೆರೆಯಲ್ಲಿ ಸಂಸಾರ ಹೂಡಿ ಸುಖವಾಗಿದ್ದಳು. ಇನ್ನೇನು ತೊಂದರೆ ಅಂತ ಒಂದು ಹಳೆಯ ಸ್ಕೂಲ್ ವ್ಯಾನು ಕೊಂಡು ಕಡೂರಿನ ಮಿಸ್ತ್ರಿ ಫೈಜಲ್‌ಗೆ ಒಪ್ಪಿಸಿದ. ಫೈಜಲ್ ಸೀಟು ಕಿತ್ತು ಎರಡು ಮಂಚ ಕೂರಿಸಿದ, ಗ್ಯಾಸ್ ಒಲೆಗೆ ಕಟ್ಟೆ ಮಾಡಿದ, ತಲೆಯ ಮೇಲೆ ನೀರಿನ ಟ್ಯಾಂಕು ಇಟ್ಟ. ಉಚ್ಚಂಗಮ್ಮ ಕಿಟಕಿಗಳಿಗೆ ಪರದೆ ಹೊಲಿದು, ಸ್ಟೀರಿಂಗಿನ ಪಕ್ಕ ಪುಟ್ಟದೊಂದು ಬುದ್ಧನ ಮೂರ್ತಿ ಅಂಟಿಸಿದಳು. ಕಡೂರಿನಲ್ಲಿ ಅಂಥ ಗಾಡಿ ಅದೇ ಮೊದಲು. ನೋಡಲು ಬಂದವರನ್ನೆಲ್ಲ ಅಂಜಿನಪ್ಪ ಚಪ್ಪಲಿ ಬಿಡಿಸಿ ಒಳಗೆ ಹತ್ತಿಸುತ್ತಿದ್ದ.

ಹಿಂದಿನ ಮೂಲೆಯಲ್ಲಿ ಇದ್ದದ್ದು ಆ ಕಕ್ಕಸು. ಉಚ್ಚಂಗಮ್ಮನಿಗೆ ಮಂಡಿ ನೋವು, ಬಯಲಿನಲ್ಲಿ ಕೂರಲಾಗದು ಎಂದು ಅಂಜಿನಪ್ಪನೇ ಹಟ ಹಿಡಿದು ಹಾಕಿಸಿದ್ದು. ಮೇಲೆ ಕೂರುವ ಸೀಟು, ಅದರ ಕೆಳಗೆ ಬಿಗಿಯಾಗಿ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಡಬ್ಬಿ. ನೀಲಿ ಔಷಧಿ ಹಾಕಿದರೆ ವಾಸನೆ ಹೊರಗೆ ಬರುವುದಿಲ್ಲ.

"ಇದೊಂದನ್ನ ಮಾತ್ರ ದಿನಾ ಕಳಚಿ, ಯಾವುದಾದ್ರೂ ಕಕ್ಕಸಿಗೋ ಗುಂಡಿಗೋ ಸುರಿದು ತೊಳೀಬೇಕು ಸಾರ್" ಎಂದಿದ್ದ ಫೈಜಲ್. ಅಂಥದ್ದನ್ನು ಅವನೂ ಮೊದಲ ಸಲ ಕೂರಿಸಿದ್ದು.

ಅಂಜಿನಪ್ಪನ ಮುಖ ಬಾಡಿಹೋಯಿತು. ಯಾವ ಫೋನೂ ಬಾರದಿದ್ದರೂ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಒಳಗಿನಿಂದ ಹೆಂಡತಿಯ ಮಾತು ಕೇಳಿಸಿತು. "ಅದನ್ನ ನಾನ್ ನೋಡ್ಕತೀನಿ ಬಿಡಪ್ಪ." ಆ ವಿಷಯದಲ್ಲಿ ಗಂಡಹೆಂಡಿರ ನಡುವೆ ನಡೆದ ಮಾತುಕತೆ ಇಷ್ಟೇ, ಅದೂ ಮೂರನೆಯವನ ಜೊತೆ. ಗಾಡಿ ಹೊರಟ ಮಾರನೆಯ ದಿನದಿಂದಲೇ ವಾಕಿಂಗು ಶುರುವಾಯಿತು.

ಅವನ ಕಡೆಯಿಂದಲೂ ಒಂದು ಮಾತಿದೆ, ಅದನ್ನೂ ಹೇಳಿಬಿಡಬೇಕು. ಅಂಜಿನಪ್ಪ ಹುಟ್ಟಿದ್ದು ತರೀಕೆರೆಯಲ್ಲಿ. ಆಗ ಊರಿನ ದೊಡ್ಡ ಮನೆಗಳಿಗೆಲ್ಲ ಬಕೆಟ್ ಕಕ್ಕಸು. ಅದನ್ನು ಬಳಿದು ಹೊರುತ್ತಿದ್ದವರಲ್ಲಿ ಅವನ ಅಪ್ಪನೂ ಒಬ್ಬ. ಅಪ್ಪ ಹಿತ್ತಲ ಗಲ್ಲಿಯಲ್ಲಿ ಬಾಗಿಲು ಬಾಗಿಲಿಗೂ ನಿಂತು ಕೆಮ್ಮುತ್ತಿದ್ದ, ಒಳಗೆ ಕೂತವರು ಎದ್ದು ಹೋಗಲಿ ಎಂದು. ಕೆಲಸ ಮುಗಿಸಿ ಬಂದರೆ ಮನೆಯ ಹಿಂದೆ ಕಲ್ಲಿನ ಮೇಲೆ ನಿಲ್ಲುತ್ತಿದ್ದ. ಅಮ್ಮ ಚೊಂಬನ್ನು ಎತ್ತರಕ್ಕೆ ಹಿಡಿದು, ಅವನ ಕೈಗೆ ತಾಗದ ಹಾಗೆ ನೀರು ಬಿಡಬೇಕು. ಅದು ಊರವರು ಮಾಡಿದ ಕಟ್ಟಳೆ ಅಲ್ಲ, ಅಪ್ಪ ತಾನೇ ಮಾಡಿಕೊಂಡದ್ದು. ಸ್ನಾನ ಆಗುವವರೆಗೆ ಮಕ್ಕಳು ಹತ್ತಿರ ಸುಳಿಯುವಂತಿರಲಿಲ್ಲ. ಒಂದು ದಿನ ಪುಟ್ಟ ಅಂಜಿನಿ ಅಪ್ಪನಿಗೆ ನೆರವಾಗಲು ಹೋಗಿ ಖಾಲಿ ಬಕೆಟ್ಟಿನ ಹಿಡಿಕೆ ಹಿಡಿದ. ಅಪ್ಪ ಕೆನ್ನೆ ಊದುವ ಹಾಗೆ ಬಾರಿಸಿದ. "ಈ ಕೈ ಸೀಮೆಸುಣ್ಣ ಹಿಡಿಯೋ ಕೈ. ಇನ್ನೊಂದ್ ಸಲ ಇದನ್ನ ಮುಟ್ಟಿದ್ರೆ ಕಡಿದು ಹಾಕ್ತೀನಿ" ಎಂದು, ಆಮೇಲೆ ತಾನೇ ಅತ್ತ.

ಅಪ್ಪ ಜ್ವರ ಬಂದು ಮಲಗಿದಾಗ ಬಕೆಟ್ಟು ಹೊತ್ತವಳು ಅಕ್ಕ ಜವರಮ್ಮ. ಆಗಿನ್ನೂ ಅವಳು ಲಂಗದ ಹುಡುಗಿ. ಅವಳಿಗೆ ಯಾರೂ ಹೊಡೆಯಲಿಲ್ಲ. ಈ ಮಾತು ಅಂಜಿನಪ್ಪನಿಗೆ ನೆನಪಿರಲಿಲ್ಲವೆಂದಲ್ಲ, ನೆನೆಯುವ ಸಂದರ್ಭ ಒದಗಿರಲಿಲ್ಲ. ಅಪ್ಪನ ಮಾತು ಮೀರಬಾರದು ಎಂಬುದಷ್ಟೇ ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಇನ್ನು ಉಚ್ಚಂಗಮ್ಮನೋ, ಯಗಟಿಯವಳು, ಕುರಿ ಹಿಂಡಿನ ನಡುವೆ ಬೆಳೆದವಳು, ಹಿಕ್ಕೆ ಗಂಜಲ ಬಾಚಿದ ಕೈ, ಅವಳಿಗೆ ಇದೇನು ಮಹಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಬಳಸುವವರು ಇಬ್ಬರು, ಹೊರುವವಳು ಒಬ್ಬಳು ಎಂಬ ಲೆಕ್ಕ ಬಾವುಟ ಹಿಡಿದಿದ್ದವನಿಗೆ ತಿಳಿಯಲಿಲ್ಲವೋ, ತಿಳಿಯುವುದು ಬೇಡವಾಗಿತ್ತೋ.

ಹೀಗೆ ಅವರು ಹೊಸಪೇಟೆ ಕಡೆ ಹೋದರು, ಬಿಜಾಪುರ ನೋಡಿದರು, ಗುಲ್ಬರ್ಗದ ಬಿಸಿಲು ಕಂಡು, ಬೀದರಿನ ಕೋಟೆಯ ಕೆಳಗೆ ರೊಟ್ಟಿ ಸುಟ್ಟುಕೊಂಡು ತಿಂದರು. ಅಂಜಿನಪ್ಪ ಮೊಬೈಲಿನಲ್ಲಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ. ಚಳಿಗಾಲ ಮುಗಿಯುತ್ತ ಬಂದಾಗ ಹೊಸದುರ್ಗದ ದಾರಿ ಹಿಡಿದು ಊರ ಕಡೆ ತಿರುಗಿದರು. ಶಿವನಿ ಸ್ಟೇಷನ್ನಿನ ಮರದ ಕೆಳಗೆ ಒಂದು ರಾತ್ರಿ ಇದ್ದು, ಬೆಳಗ್ಗೆ ಅವನು ಹಳೆಯ ಪ್ಲಾಟ್‌ಫಾರಮ್ಮಿನ ಮೇಲೆ ವಾಕಿಂಗ್ ಮುಗಿಸಿ ಕೆಮ್ಮಿ ಬಂದ ಮೇಲೆ, ಅಜ್ಜಂಪುರ ದಾಟಿ ತರೀಕೆರೆಗೆ ಬಂದರು. ಅಕ್ಕ ಫೋನಿನಲ್ಲಿ ಒಂದೇ ಸಮ ಕರೆಯುತ್ತಿದ್ದಳು. ನಿನ್ನ ಗಾಡಿ ಕಣ್ಣಾರೆ ನೋಡದೆ ಸಾಯಲ್ಲ ಕಣೋ ಅನ್ನುವವಳನ್ನು ಬಿಟ್ಟು ಕಡೂರಿಗೆ ಹೋಗುವುದುಂಟೆ?

ಗಾಡಿ ಕೇರಿಗೆ ತಿರುಗಿದ್ದೇ ತಡ, ಜವರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಯ ನಡುವೆ ಬಂದು ನಿಂತಳು. ಬೆನ್ನು ಬಾಗಿತ್ತು, ಗಂಟಲು ಬಾಗಿರಲಿಲ್ಲ.

"ಏನೋ ಅಂಜಿನಿ, ಮನೇನೇ ಹೊತ್ಕೊಂಡ್ ಬಂದ್ಬಿಟ್ಟಲ್ಲೋ!"

ಕೇರಿ ಈಗ ಹಿಂದಿನ ಹಾಗಿಲ್ಲ. ತಾರಸಿ ಮನೆಗಳು, ಬಾಗಿಲಿಗೊಂದು ಬೈಕು, ಹಿತ್ತಲಿಗೊಂದು ಟೈಲ್ಸ್ ಹಾಕಿದ ಬಾತ್‌ರೂಮು. ಗಾಡಿಯನ್ನು ಅಕ್ಕನ ಮನೆಯ ಮುಂದೆಯೇ ನಿಲ್ಲಿಸಬೇಕಾಯಿತು. ಅರ್ಧ ಗಂಟೆಯೊಳಗೆ ಜನ ಸೇರಿದರು. ಅಂಜಿನಪ್ಪ ಎಲ್ಲರನ್ನೂ ಹತ್ತಿಸಿ ಇಳಿಸಿದ. ಮಂಚ ಮಡಿಸಿ ತೋರಿಸಿದ, ಒಲೆ ಹೊತ್ತಿಸಿ ತೋರಿಸಿದ. ದಾರಿಯ ಕಥೆ ಹೇಳುವಾಗ, ಎಲ್ಲೆಡೆಯೂ ಹೇಳಿ ಹದವಾಗಿದ್ದ ಒಂದು ತಮಾಷೆಯನ್ನೂ ಹೇಳಿದ.

"ಹೊರಟ ಮಾರನೇ ದಿನ ಕಣ್ರಯ್ಯಾ, ಹೊಸಪೇಟೆ ಹತ್ರ. ನಾನು ವಾಕಿಂಗ್ ಮುಗಿಸ್ಕೊಂಡು ಬತ್ತೀನಿ, ಟ್ಯಾಂಕಲ್ಲಿ ಒಂದ್ ಹನಿ ನೀರಿಲ್ಲ. ಈ ನಮ್ಮೋಳು ಬೆಳಬೆಳಗ್ಗೆ ತಲೆಗೆಲ್ಲಾ ಸುರ್ಕಂಡು ಸ್ನಾನ ಮಾಡಿ, ಸೀರೆ ಬೇರೆ ಒಗೆದು ಹಾಕವ್ಳೆ! ಏನೇ, ಮದುವೆ ದಿಬ್ಬಣಕ್ಕೆ ಹೊಂಟಿದ್ದೀಯಾ ಅಂದೆ. ಮೂರ್ ದಿನದ ನೀರು ಕಣ್ರೀ, ಒಂದೇ ಸಲಕ್ಕೆ ಖಾಲಿ!"

ಎಲ್ಲರೂ ನಕ್ಕರು. ಉಚ್ಚಂಗಮ್ಮನೂ ಎಂದಿನಂತೆ ನಕ್ಕು, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಜವರಮ್ಮ ಗಾಡಿಯ ಹಿಂದಿನ ಮೂಲೆಯ ಬಾಗಿಲು ತೆರೆದು ಇಣುಕಿ ನೋಡುತ್ತಿದ್ದಳು. ಸೀಟಿನ ಮುಚ್ಚಳ ಎತ್ತಿದಳು, ಇಳಿಸಿದಳು. ಬಗ್ಗಿ ಕೆಳಗೆ ನೋಡಿದಳು. ಬಾತ್‌ರೂಮಿಗಾದರೆ ಪೈಪು ಇರುತ್ತದೆ, ಗುಂಡಿ ಇರುತ್ತದೆ. ಇಲ್ಲಿ ಕೆಳಗೆ ಚಕ್ರ, ಚಕ್ರದ ಕೆಳಗೆ ರಸ್ತೆ.

"ಅಲ್ಲ ಕಣೋ ತಮ್ಮಾ" ಎಂದಳು, ಅವಳಿಗೆ ಮೆಲ್ಲಗೆ ಮಾತಾಡಲು ಬಂದದ್ದೇ ಇಲ್ಲ, "ಇದನ್ನ ಯಾರು ಹೊರ್ತಾರೆ?"

ಗಾಡಿಯ ಬಾಗಿಲಲ್ಲಿ ಐದಾರು ಜನ ನಿಂತಿದ್ದರು. ಎಲ್ಲರೂ ಹೊತ್ತವರ ಮಕ್ಕಳು, ಮೊಮ್ಮಕ್ಕಳು. ಒಬ್ಬ ಮೇಷ್ಟ್ರು, ಒಬ್ಬ ಲೈನ್‌ಮನ್, ಒಬ್ಬಳು ನರ್ಸು. ಅಂಜಿನಪ್ಪ ಅವರನ್ನೊಮ್ಮೆ ನೋಡಿದ. ನಿಜ ಹೇಳಿದ್ದರೆ ಒಂದೇ ಪದ. ಆ ಪದ ಗಂಟಲಿನವರೆಗೂ ಬರಲಿಲ್ಲ.

"ಯಾರೂ ಹೊರಲ್ಲ ಅಕ್ಕ. ಅದಕ್ಕೊಂದು ಮಿಷನ್ ಐತೆ. ಎಲ್ಲಾ ಪುಡಿ ಮಾಡಿ, ನೀರು ಮಾಡಿ, ಆವಿ ಮಾಡ್ಬಿಡ್ತದೆ. ಆಟೋಮ್ಯಾಟಿಕ್."

ಅಕ್ಕನ ಮನೆಯೊಳಗಿಂದ ಬರುತ್ತಿದ್ದ ಲೋಟ ತೊಳೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಜವರಮ್ಮ ಆ ಸೀಟಿನ ಮೇಲೆ ಕೈಯಿಟ್ಟಳು. ಅವಳ ಕಣ್ಣು ತುಂಬಿಕೊಂಡಿತು. "ಅಪ್ಪ ಇರ್ಬೇಕಿತ್ತು ಕಣೋ" ಎಂದಳು. "ಮಿಷನ್ ಹೊರೋದನ್ನ ನೋಡೋಕೆ ಅಪ್ಪ ಇರ್ಬೇಕಿತ್ತು." ಆಮೇಲೆ ಬಾಗಿಲಿಗೆ ಬಂದು ಕೇರಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು. "ಕೇಳ್ರಲೇ! ನನ್ ತಮ್ಮನ ಗಾಡೀಲಿ ಹೇಲು ಹೊರೋಕೂ ಮಿಷನ್ ಐತಂತೆ! ಮನುಷ್ಯರು ಮುಟ್ಟಂಗೇ ಇಲ್ವಂತೆ!"

ಜನ ಚಪ್ಪಾಳೆ ತಟ್ಟಿದರು. ತಮಾಷೆಗೆ ತಟ್ಟಿದ್ದಲ್ಲ. ಮೇಷ್ಟ್ರು ಅಂಜಿನಪ್ಪನ ಕೈ ಕುಲುಕಿದ. ಸುಳ್ಳು ಹೇಳಿ ಸಿಕ್ಕಿಬೀಳುವ ಅವಮಾನ ಒಂದು ತೆರ. ಹೇಳಿದ ಸುಳ್ಳಿಗೆ ಸನ್ಮಾನ ಆಗುವುದು ಇನ್ನೊಂದು ತೆರ. ಅಂಜಿನಪ್ಪ ಆ ಎರಡನೆಯದರಲ್ಲಿ ಬೆವರುತ್ತ ನಿಂತ.

ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕನ ಮಗ ಕಾಂತರಾಜು ಬಂದ. ಅವನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ. ಮಿಷನ್ ಅಂದರೆ ಊಟ ಬಿಡುವ ಮನುಷ್ಯ.

"ಎಷ್ಟು ಎಚ್‌ಪಿ ಮಾವಾ?"

"ಅರ್ಧ" ಎಂದ ಅಂಜಿನಪ್ಪ.

"ಬರೀ ಅರ್ಧ ಎಚ್‌ಪೀಲಿ ಆವಿ ಮಾಡ್ತದಾ! ಯಾವ ಕಂಪ್ನಿ?"

"ಫಾರಿನ್ನು."

"ಬೆಳಗ್ಗೆ ಬಿಚ್ಚಿ ತೋರಿಸ್ಬೇಕು ಮಾವಾ ನೀನು" ಎಂದು ಕಾಂತರಾಜು ಅಂಗಡಿ ಮುಚ್ಚಲು ಹೋದ.

ಇತ್ತ ಜವರಮ್ಮ, "ನಾನೂ ಒಂದ್ಸಲ ಕೂತ್ ನೋಡ್ತೀನಿ ತಡಿ" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಬಂದು, "ಭಾರಿ ಸುಖ ಐತೆ ಕಣ್ರೇ" ಎಂದದ್ದೇ ಅವಳ ವಾರಗೆಯ ಹೆಂಗಸರು ಒಬ್ಬೊಬ್ಬರಾಗಿ ಸಾಲು ಹಚ್ಚಿದರು. ಮನುಷ್ಯರ ಕೈ ತಾಗದ ಕಕ್ಕಸಿನಲ್ಲಿ ಒಮ್ಮೆ ಕೂತು ಏಳುವ ಆಸೆ ಅವರಿಗೆ. ಉಚ್ಚಂಗಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಮೆಟ್ಟಿಲು ಹತ್ತಲು ಕೈ ಕೊಟ್ಟಳು. ಯಾರಿಗೂ ಬೇಡ ಅನ್ನಲಿಲ್ಲ.

ಊಟ ಮುಗಿದು ಗಾಡಿಯೊಳಗೆ ಹಾಸಿಗೆ ಬಿಡಿಸುವಾಗ ಅವಳು ಮೊದಲ ಸಲ ಆ ವಿಷಯ ಎತ್ತಿದಳು. ದನಿಯಲ್ಲಿ ದೂರಿರಲಿಲ್ಲ, ನಾಳೆಗೆ ಸೊಪ್ಪು ತರಬೇಕು ಅನ್ನುವಾಗ ಇರುವಷ್ಟೇ ಚಿಂತೆ ಇತ್ತು.

"ಡಬ್ಬಿ ತುಂಬೈತೆ ಕಣ್ರೀ. ಇಲ್ಲಿ ಎಲ್ಲಿ ಸುರೀಲಿ?"

ಅಂಜಿನಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. "ನೋಡಿದ್ರಾಯ್ತು, ಮಲಕ್ಕೋ" ಎಂದ. ಅವಳು ದೀಪ ಆರಿಸಿದಳು. ಅವನಿಗೆ ನಾಚಿಕೆಯಾಗಿತ್ತು, ಅದು ಸುಳ್ಳಲ್ಲ. ಆದರೆ ಆ ನಾಚಿಕೆ ಇನ್ನೂ ಕೇರಿಯವರ ಕಡೆಗೆ ಮುಖ ಮಾಡಿತ್ತು, ಗೊತ್ತಾದರೆ ಏನಂದುಕೊಂಡಾರು ಎಂಬಷ್ಟೇ. ಪಕ್ಕದ ಮಂಚದ ಕಡೆಗೆ ತಿರುಗಿರಲಿಲ್ಲ.

ಬೆಳಗ್ಗೆ ಇನ್ನೂ ಮಬ್ಬು ಇರುವಾಗಲೇ ಎದ್ದು ಶೂ ಹಾಕಿದ. ಇವತ್ತು ದೂರದವರೆಗೆ ಹೋಗಿ, ನಿಧಾನವಾಗಿ ಬಂದು, ಬಂದ ಕೂಡಲೇ ಗಾಡಿ ಹೊರಡಿಸಿಬಿಡುವುದೆಂದು ಮನಸ್ಸಿನಲ್ಲೇ ಹಾಕಿಕೊಂಡ. ಕೇರಿಯ ತಿರುವಿನಲ್ಲಿ ಕಾಂತರಾಜು ಬೀಡಿ ಸೇದುತ್ತ ನಿಂತಿದ್ದ. ಜೇಬಿನಲ್ಲಿ ಟೆಸ್ಟರ್ ಇತ್ತು, ಕೈಯಲ್ಲಿ ಸ್ಪ್ಯಾನರ್ ಸೆಟ್ಟು.

"ರಾತ್ರಿಯೆಲ್ಲಾ ಅದೇ ಯೋಚ್ನೆ ಮಾವಾ. ಆವಿ ಮಾಡ್ಬೇಕು ಅಂದ್ರೆ ಕಾಯಿಲ್ ಬಿಸಿ ಆಗ್ಬೇಕು. ಬ್ಯಾಟ್ರಿ ಹೆಂಗ್ ತಡೀತದೆ? ಬಾ, ಬಿಚ್ಚಾಣ."

"ವಾಕಿಂಗ್ ಮುಗಿಸ್ಕೊಂಡ್ ಬತ್ತೀನಿ ಕಣೋ."

"ಸರಿ, ನೀನ್ ಹೋಗ್ಬಾ. ನಾನ್ ಹೋಗಿ ಅತ್ತೇನ ಕೇಳಿ ನೋಡ್ತಿರ್ತೀನಿ."

ಈ ಹೊತ್ತಿಗೆ ಉಚ್ಚಂಗಮ್ಮ ಡಬ್ಬಿ ಕಳಚಿರುತ್ತಾಳೆ. "ತಡಿ, ನಾನೂ ಬಂದೆ" ಎಂದು ಅಂಜಿನಪ್ಪ ಬಂದ ದಾರಿಯಲ್ಲೇ ತಿರುಗಿದ. ಇಷ್ಟು ತಿಂಗಳಲ್ಲಿ ವಾಕಿಂಗು ಅರ್ಧಕ್ಕೆ ನಿಂತದ್ದು ಅದೇ ಮೊದಲು. ಅಳಿಯನಿಗಿಂತ ಮುಂದೆ ಮುಂದೆ ಹೆಜ್ಜೆ ಹಾಕುತ್ತ, ಗಾಡಿ ಕಣ್ಣಿಗೆ ಬೀಳುವ ಮೊದಲೇ ಜೋರಾಗಿ ಕೆಮ್ಮಿದ. ಸಾಲದೆಂದು ಮತ್ತೊಮ್ಮೆ ಕೆಮ್ಮಿದ.

ತಿರುವು ದಾಟಿದರೆ, ಗಾಡಿಗೂ ಅಕ್ಕನ ಹಿತ್ತಲ ಬಾತ್‌ರೂಮಿಗೂ ನಡುವೆ ಉಚ್ಚಂಗಮ್ಮ ನಿಂತಿದ್ದಳು. ಬಲಗೈಯಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಡಬ್ಬಿ. ಅದರ ಭಾರಕ್ಕೆ ಮೈ ಎಡಕ್ಕೆ ವಾಲಿತ್ತು. ಅವಳ ಎದುರಿಗೆ ಪೊರಕೆ ಹಿಡಿದ ಜವರಮ್ಮ. ಆಚೀಚೆ ಮನೆಯ ಇಬ್ಬರು ಹೆಂಗಸರು ನೀರು ಚಿಮುಕಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಬಟ್ಟೆ ಅಂತೀಯ" ಎನ್ನುತ್ತಿದ್ದಳು ಜವರಮ್ಮ. "ಬಟ್ಟೆ ಹೊರೋರು ಹಿಂಗೆ ನಡೆಯಲ್ಲ ಕಣವ್ವ. ತುಳುಕ್ತದೆ ಅಂತ ಉಸಿರು ಬಿಗಿ ಹಿಡ್ಕೊಂಡು ನಡೆಯೋ ನಡೆ ನಂಗೊತ್ತಿಲ್ವಾ?" ಕೆಮ್ಮು ಕೇಳಿ ಇತ್ತ ತಿರುಗಿದಳು. "ಅಯ್ಯೋ, ನೀನಾ? ಅಪ್ಪ ಕೆಮ್ಮಿದಂಗಾಯ್ತು ಕಣೋ."

ಮತ್ತೆ ಉಚ್ಚಂಗಮ್ಮನ ಕಡೆ ತಿರುಗಿ ಬೆಡ್‌ಶೀಟಿನ ತುದಿ ಎತ್ತಿ ನೋಡಿದಳು. ಡಬ್ಬಿಯನ್ನು ನೋಡಿ, ಗಾಡಿಯನ್ನು ನೋಡಿ, ತಮ್ಮನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಆಸೆ ಇತ್ತು. ಅದನ್ನು ನೋಡುವುದು ಅಂಜಿನಪ್ಪನಿಗೆ ಸಿಟ್ಟಿಗಿಂತ ಕಷ್ಟವಾಯಿತು.

"ಮಿಷನ್ ಕೆಟ್ಟೋಯ್ತೇನೋ?" ಎಂದಳು.

ಕಾಂತರಾಜು ಸ್ಪ್ಯಾನರ್ ಸೆಟ್ಟು ಬಿಚ್ಚಲು ಶುರು ಮಾಡಿದ. "ಕೆಟ್ರೆ ಏನಂತೆ, ಈಗ್ಲೇ ರೆಡಿ ಮಾಡ್ಕೊಡ್ತೀನಿ!"

ಅಂಜಿನಪ್ಪನಿಗೆ ಹೂಂ ಅನ್ನಲು ಧೈರ್ಯವಿಲ್ಲ, ಇಲ್ಲ ಅನ್ನಲು ಮುಖವಿಲ್ಲ. ಉಚ್ಚಂಗಮ್ಮ ಅವನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅವಳೇ ಬಾಯಿ ತೆರೆದಳು.

"ಹೂಂ ಅಕ್ಕ. ನಿನ್ನೆಯಿಂದ ಕೆಟ್ಟೋಗೈತೆ. ಅವ್ರಿಗೆ ಗೊತ್ತಿಲ್ಲ, ಪಾಪ."

ಪಾಪ ಅಂದಳು. ಆ ಭಾರ ಕೈಯಲ್ಲಿ ಹಿಡಿದುಕೊಂಡೇ ಅವನನ್ನು ಪಾಪ ಅಂದಳು. ಅಂಜಿನಪ್ಪನಿಗೆ ನೆಲ ಬಿರಿದು ಒಳಗೆ ಹೋಗಿಬಿಡಬಾರದೇ ಅನ್ನಿಸಿತು. ನಿನ್ನೆಯವರೆಗೆ ಅವಳು ಹೊತ್ತದ್ದು ಅವನ ಹೊಲಸನ್ನು, ಈಗ ಅವನ ಸುಳ್ಳನ್ನೂ ಹೊತ್ತಿದ್ದಳು.

ಜವರಮ್ಮನಿಗೆ ಅಷ್ಟೇ ಸಾಕಾಯಿತು. ಮುಖ ಅರಳಿಸಿಕೊಂಡು ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗನ್ನು ಸೊಂಟಕ್ಕೆ ಸುತ್ತಿದಳು. "ಹಂಗಾದ್ರೆ ಕೊಡಿಲ್ಲಿ. ನಿಂಗೆಲ್ಲಿ ರೂಢಿ ಐತೆ? ಮಂಡಿ ಬೇರೆ ನೋವು ಅಂತೀಯ. ನನ್ ಕೈ ಪಳಗಿರೋದು, ಕೊಡವ್ವ." ಬಗ್ಗಿದ ಬೆನ್ನನ್ನು ಇನ್ನಷ್ಟು ಬಗ್ಗಿಸಿ ಹಿಡಿಕೆಗೆ ಕೈ ಹಾಕಿದಳು. ಉಚ್ಚಂಗಮ್ಮ ಬಿಡಲಿಲ್ಲ, "ಬ್ಯಾಡಕ್ಕ, ನೀವು ಬ್ಯಾಡ" ಎಂದು ಹಿಡಿದೆಳೆದಳು. ಇಬ್ಬರು ಮುದುಕಿಯರು ಆ ಡಬ್ಬಿಗಾಗಿ ಬೀದಿಯಲ್ಲಿ ಜಗ್ಗಾಡಿದರು.

ಲಂಗದ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಹಿತ್ತಲ ಗಲ್ಲಿಯಲ್ಲಿ ಹೋಗುತ್ತಿದ್ದದ್ದು, ತಾನು ಚೀಲ ಹೆಗಲಿಗೇರಿಸಿ ಮುಂದಿನ ರಸ್ತೆಯಲ್ಲಿ ಸ್ಕೂಲಿಗೆ ಹೋಗುತ್ತಿದ್ದದ್ದು ಅಂಜಿನಪ್ಪನಿಗೆ ನೆನಪಾಯಿತು.

"ಬಿಡಕ್ಕ" ಎಂದ. ಇಬ್ಬರೂ ಬಿಡಲಿಲ್ಲ. ಮತ್ತೆ ಕೂಗಿದ. "ಬಿಡು ಅಕ್ಕಾ! ಮಿಷನ್ ಇಲ್ಲ. ಯಾವ ಮಿಷನ್ನೂ ಇಲ್ಲ. ಮೊದಲಿಂದ್ಲೂ ಇರ್ಲಿಲ್ಲ. ಹೊರಟ ದಿನದಿಂದ ಇವಳೇ ಹೊರ್ತಾವ್ಳೆ. ನಾನು... ನಾನು ವಾಕಿಂಗ್ ಹೋಗ್ತೀನಿ."

ಕಾಂತರಾಜು ಸ್ಪ್ಯಾನರುಗಳನ್ನು ಒಂದೊಂದಾಗಿ ಮತ್ತೆ ಒಳಗಿಟ್ಟ. ನೀರು ಚಿಮುಕಿಸುತ್ತಿದ್ದ ಹೆಂಗಸರು ಬಾಗಿಲೊಳಗೆ ಸರಿದುಕೊಂಡರು. ನಿನ್ನೆ ಸಂಜೆ ತಾವೂ ಆ ಸೀಟಿನ ಮೇಲೆ ಕೂತು ಬಂದದ್ದು ಅವರಿಗೆ ನೆನಪಾಗಿರಬೇಕು. ಜವರಮ್ಮ ಹಿಡಿಕೆ ಬಿಟ್ಟು ನೆಟ್ಟಗಾಗಲು ನೋಡಿದಳು, ಆಗಲಿಲ್ಲ. ಗೋಡೆ ಹಿಡಿದುಕೊಂಡಳು.

"ಅಪ್ಪ ನಿನ್ ಕೈಗೆ ಬ್ಯಾಡ ಅಂದಿದ್ದು ನಿಜ ಕಣೋ" ಎಂದಳು, ಜನ್ಮದಲ್ಲಿ ಮೊದಲ ಸಲ ಮೆಲ್ಲಗೆ. "ಇನ್ನೊಬ್ಬಳ ಕೈಗೆ ಹಾಕು ಅಂದಿರ್ಲಿಲ್ಲ."

ಅಂಜಿನಪ್ಪ ಹೋಗಿ ಹೆಂಡತಿಯ ಕೈಯಿಂದ ಡಬ್ಬಿ ತೆಗೆದುಕೊಂಡ. ಅದು ಅಷ್ಟೊಂದು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ತೋಳು ಜಗ್ಗಿತು, ಮೈ ತಾನಾಗಿ ಇನ್ನೊಂದು ಕಡೆಗೆ ವಾಲಿತು, ಒಳಗೆ ತುಳುಕಿದ ಸದ್ದಿಗೆ ಉಸಿರು ಬಿಗಿಯಾಯಿತು. ಅಕ್ಕ ಹೇಳಿದ ಆ ನಡೆಯೇ ತನಗೂ ಬಂತು. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಹಿತ್ತಲಿಗೆ ಹೋಗಿ, ಬಾತ್‌ರೂಮಿನ ಬಾಗಿಲನ್ನು ಕಾಲಿನಿಂದ ತಳ್ಳಿ, ಡಬ್ಬಿಯನ್ನು ಕೆಳಗಿಟ್ಟು ಬೆಡ್‌ಶೀಟು ಬಿಚ್ಚಿದ. ಮೂತಿಯ ಮುಚ್ಚಳ ಯಾವ ಕಡೆಗೆ ತಿರುಗುತ್ತದೆಂದು ತಿಳಿಯದೆ ಎರಡೂ ಕಡೆ ತಿರುಗಿಸಿದ. ಕೊನೆಗೆ ಬಿಚ್ಚಿಕೊಂಡಿತು. ವಾಸನೆ ಮುಖಕ್ಕೆ ಹೊಡೆಯಿತು. ಹಲ್ಲು ಕಚ್ಚಿ ಡಬ್ಬಿ ಎತ್ತಿ ಬಗ್ಗಿಸಲು ಹೋದ.

"ನಿಲ್ರೀ! ನಿಲ್ರೀ!" ಉಚ್ಚಂಗಮ್ಮ ಕುಂಟುತ್ತಾ ಓಡಿ ಬಂದಳು. "ಡಬ್ಬಿ ಹಿಂದ್ಗಡೆ ಒತ್ತೋ ಗುಂಡಿ ಒಂದೈತೆ ನೋಡ್ರಿ, ಅದನ್ನ ಹೆಬ್ಬೆಟ್ಟಲ್ಲಿ ಒತ್ತಿ ಹಿಡ್ಕೊಂಡೇ ಸುರೀಬೇಕು. ಒತ್ತದೆ ಬಗ್ಗಿಸಿದ್ರೆ ಗಾಳಿ ಕಟ್ಕೊಂಡು ಒಂದೇ ಸಲಕ್ಕೆ ಮೈಮೇಲೆಲ್ಲಾ ಚಿಮ್ತದೆ."

ಅವನು ಗುಂಡಿ ಹುಡುಕಿ ಹೆಬ್ಬೆರಳಿಟ್ಟ. "ಫೈಜಲ್ ಹೇಳಿದ್ನಾ?" ಎಂದ, ಏನಾದರೂ ಮಾತಾಡಬೇಕೆಂದು.

"ಅವ್ನಿಗೇನ್ ಗೊತ್ತು ಪಾಪ. ನಾನೇ ಕಲ್ತಿದ್ದು."

"ಹೆಂಗೆ?"

ಉಚ್ಚಂಗಮ್ಮ ಬಾಗಿಲಿನ ಚೌಕಟ್ಟಿಗೆ ಆತು, ನೋಯುವ ಮಂಡಿಯನ್ನು ನೀವಿಕೊಂಡಳು. ಅವಳು ಹೇಳಬೇಕಾಗಿಯೂ ಇರಲಿಲ್ಲ. ಹೊರಟ ಮಾರನೇ ದಿನ. ಹೊಸಪೇಟೆ ಹತ್ತಿರ. ಚಳಿಯಲ್ಲಿ ತಲೆಗೆಲ್ಲ ಸುರಿದುಕೊಂಡ ಸ್ನಾನ, ಒಗೆದು ಹಾಕಿದ ಸೀರೆ, ಟ್ಯಾಂಕಿನಲ್ಲಿ ಉಳಿಯದ ಒಂದು ಹನಿ ನೀರು. ಮದುವೆ ದಿಬ್ಬಣಕ್ಕೆ ಹೊಂಟಿದ್ದೀಯಾ ಅಂದದ್ದು. ಬಿಜಾಪುರದಲ್ಲಿ ಹೇಳಿ ನಗಿಸಿದ್ದು, ಬೀದರಿನಲ್ಲಿ ಹೇಳಿ ನಗಿಸಿದ್ದು, ನಿನ್ನೆ ಸಂಜೆ ಇದೇ ಮನೆಯ ಮುಂದೆ ಹೇಳಿ ನಗಿಸಿದ್ದು. ಪ್ರತಿ ಸಲವೂ ಅವಳು ಎಲ್ಲರ ಜೊತೆ ನಕ್ಕು ಒಳಗೆ ಹೋಗುತ್ತಿದ್ದದ್ದು.

ಅಂಜಿನಪ್ಪ ಗುಂಡಿ ಒತ್ತಿ ಹಿಡಿದು ಡಬ್ಬಿ ಬಗ್ಗಿಸಿದ. ಒಂದು ಹನಿಯೂ ಸಿಡಿಯಲಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಎರಡೂ ಕೈ ಡಬ್ಬಿಯ ಮೇಲಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ. ಎರಡು ಸಲ ನೀರು ತುಂಬಿ ಕುಲುಕಿ ತೊಳೆದ. ಅವಳು ಹೇಳಿದಷ್ಟೇ ನೀಲಿ ಔಷಧಿ ಹಾಕಿ ಮುಚ್ಚಳ ಬಿಗಿದ.

ಹೊರಗೆ ಬಂದಾಗ ಒಗೆಯುವ ಕಲ್ಲಿನ ಪಕ್ಕ ಜವರಮ್ಮ ನೀರಿನ ಚೊಂಬು ಹಿಡಿದು ನಿಂತಿದ್ದಳು. ಅವನು ಕೈ ಚಾಚಿದ. ಅವಳು ಚೊಂಬನ್ನು ಎತ್ತರಕ್ಕೆ ಎತ್ತಿ, ಅವನ ಕೈಗೆ ತಾಗದ ಹಾಗೆ ಸಣ್ಣಗೆ ನೀರು ಬಿಟ್ಟಳು. ಬೇಕೆಂದು ಮಾಡಿದ್ದಲ್ಲ. ಅಮ್ಮ ಅಪ್ಪನಿಗೆ ಹಾಕುತ್ತಿದ್ದದ್ದನ್ನು ನೋಡಿ ನೋಡಿ ಅವಳ ಕೈ ತಾನಾಗಿ ಅಷ್ಟು ಎತ್ತರಕ್ಕೆ ಹೋಗಿತ್ತು. ಅಂಜಿನಪ್ಪ ಸೋಪು ಹಚ್ಚಿ ತೊಳೆದ, ಮತ್ತೆ ಹಚ್ಚಿ ತೊಳೆದ. ತೊಳೆಯುತ್ತಿದ್ದ ಹಾಗೆ ಅವನಿಗೆ ಹೊಳೆಯಿತು. ಹೊಸಪೇಟೆಯಿಂದ ಶಿವನಿಯವರೆಗೆ ಉಚ್ಚಂಗಮ್ಮನ ಕೈಗೆ ನೀರು ಹಾಕಿದವರು ಯಾರು? ಮಗ್ಗನ್ನು ಮೊಣಕೈಯಲ್ಲಿ ಅವಚಿ ಬಗ್ಗಿಸಿಕೊಂಡಳೋ, ನಲ್ಲಿಯನ್ನು ಹಲ್ಲಿನಲ್ಲಿ ತಿರುಗಿಸಿದಳೋ. ತಾನು ಆ ಹೊತ್ತಿನಲ್ಲಿ ಎಲ್ಲೋ ಮರದ ಕೆಳಗೆ ಕೆಮ್ಮಲು ಸಮಯ ಕಾಯುತ್ತ ನಿಂತಿರುತ್ತಿದ್ದ.

ಕೈ ಒರೆಸಿಕೊಂಡು ಅಕ್ಕನಿಂದ ಚೊಂಬು ಇಸಿದುಕೊಂಡ. ತೊಟ್ಟಿಯಲ್ಲಿ ಅದ್ದಿ ತುಂಬಿ ಹೆಂಡತಿಯ ಕಡೆ ತಿರುಗಿದ.

"ಕೈ ನೀಡು ಉಚ್ಚಂಗೀ."

ಅವಳು ತನ್ನೆರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ನನ್ ಕೈಗೇನಾಗೈತೆ? ಇವತ್ತು ತೊಳ್ದಿದ್ದು ನೀವಲ್ವಾ."

ಚುಚ್ಚಲೆಂದು ಹೇಳಿದ್ದಲ್ಲ. ಚುಚ್ಚಲೆಂದು ಹೇಳಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೆಡ್‌ಶೀಟು ಮಡಿಸಿಕೊಂಡು, ಕಾಫಿಗೆ ಇಡುತ್ತೇನೆಂದು ಗಾಡಿಯ ಕಡೆ ನಡೆದಳು. ಅಂಜಿನಪ್ಪ ತುಂಬಿದ ಚೊಂಬು ಹಿಡಿದುಕೊಂಡು ಆ ಕಲ್ಲಿನ ಪಕ್ಕದಲ್ಲೇ ನಿಂತಿದ್ದ.